ನಮ್ಮ ಪಂಚಾಯಿತಿಯ ಅರಿವು ಕೇಂದ್ರ: ಪೈಸೆ ಖರ್ಚಿಲ್ಲದೆ ಮನೆಮಂದಿಯೆಲ್ಲ ಹೋಗಬಹುದು

ತಿಪಟೂರು ಸೀಮೆಯ ನಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಬಗ್ಗೆ ಬರೆಯುತ್ತಿದ್ದೇನೆ. ಅರಿವು ಕೇಂದ್ರ ಅಂದರೆ ಬೇರೇನಿಲ್ಲ, ಮೊದಲಿಂದ ನಾವೆಲ್ಲ ಲೈಬ್ರರಿ ಅಂತ ಕರೆಯುತ್ತಿದ್ದ ಪಂಚಾಯಿತಿ ಗ್ರಂಥಾಲಯವೇ. ಐದು ಸ್ಟಾರ್‌ಗೆ ನಾಲ್ಕು ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅನ್ನೋದನ್ನೂ ಕೆಳಗೆ ಬಿಡಿಸಿ ಬರೆದಿದ್ದೇನೆ, ಅದನ್ನೂ ಓದಿ. ನಿಮ್ಮ ಮನೆಯಲ್ಲಿ ಸ್ಕೂಲಿಗೆ ಹೋಗುವ ಮಗು ಇರಲಿ, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿಕೊಂಡು ಕೂತಿರುವ ತಮ್ಮನೋ ತಂಗಿಯೋ ಇರಲಿ, ಹೊತ್ತು ಹೋಗದೆ ಜಗಲಿ ಮೇಲೆ ಕೂರುವ ಅಜ್ಜ ಅಜ್ಜಿ ಇರಲಿ, ಅವರವರಿಗೆ ಬೇಕಾದ್ದು ಏನಾದರೂ ಅಲ್ಲಿ ಇದ್ದೇ ಇದೆ. ಕಥೆ ಓದಿಸುತ್ತಾರೆ, ಆಟ ಆಡಿಸುತ್ತಾರೆ, ಫೋನ್ ಬಳಸೋದು ಕಲಿಸುತ್ತಾರೆ, ಬೇಸಿಗೆ ರಜೆಯಲ್ಲಿ ಶಿಬಿರ ಮಾಡುತ್ತಾರೆ. ಯಾವುದಕ್ಕೂ ಫೀಸಿಲ್ಲ.

ಫೀಸಿಲ್ಲ ಅಂದ ತಕ್ಷಣ ನಮ್ಮ ಜನಕ್ಕೆ ಒಂದು ಅನುಮಾನ ಬಂದೇ ಬರುತ್ತದೆ, ಪುಕ್ಕಟೆ ಸಿಗೋದರಲ್ಲಿ ಏನು ಮಹಾ ಇರುತ್ತೆ ಅಂತ. ಅದಕ್ಕೆ ಈ ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಯಾರೋ ಕೊಟ್ಟ ದಾನ ಅಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ನಾವು ಕಟ್ಟುವ ಮನೆ ಕಂದಾಯದ ಜೊತೆ ಶೇ 6ರಷ್ಟು ಗ್ರಂಥಾಲಯ ಕರವೂ ಸೇರಿರುತ್ತದೆ. ಮನೆಯಲ್ಲಿ ಕಂದಾಯದ ರಸೀದಿ ಇದ್ದರೆ ತೆಗೆದು ನೋಡಿ, ಆರೋಗ್ಯ ಕರ, ಶಿಕ್ಷಣ ಕರದ ಜೊತೆ ಅದೂ ಒಂದು ಸಾಲು ಇರುತ್ತದೆ. ವರ್ಷಾ ವರ್ಷಾ ಕಟ್ಟುತ್ತೇವೆ, ಅಲ್ವಾ? ಹಾಗಿರುವಾಗ ಹೋಗದೆ ಇದ್ದರೆ ನಷ್ಟ ನಮಗೇ.

ಹಿಂದೆ ಈ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದವು. 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ರಾಜ್ಯದಲ್ಲಿ ಇಂಥವು 5,600ಕ್ಕೂ ಹೆಚ್ಚು ಇವೆ. ಮಕ್ಕಳು ಇಲ್ಲಿಗೆ ಬರೋದು ಜಾಸ್ತಿಯಾಗಿದ್ದು 2020ರ ನವೆಂಬರ್ ನಂತರ. ಕೊರೊನಾ ಅಂತ ಸ್ಕೂಲು ಮುಚ್ಚಿದ್ದ ಕಾಲ ಅದು, ಎಷ್ಟೋ ಮನೆಗಳಲ್ಲಿ ಆನ್‌ಲೈನ್ ಪಾಠ ಕೇಳೋಕೆ ಫೋನೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ, ಮಕ್ಕಳು ಅಕ್ಷರ ಮರೆಯುತ್ತಿದ್ದಾರೆ ಅಂತ ಮೇಷ್ಟರುಗಳೇ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಆಗ ‘ಓದುವ ಬೆಳಕು’ ಅಂತ ಕಾರ್ಯಕ್ರಮ ಶುರು ಮಾಡಿ, 6ರಿಂದ 18 ವರ್ಷದ ಮಕ್ಕಳಿಗೆಲ್ಲ ಉಚಿತ ಸದಸ್ಯತ್ವ ಕೊಟ್ಟರು. ಆ ಅಭ್ಯಾಸ ಸ್ಕೂಲು ತೆರೆದ ಮೇಲೂ ನಿಲ್ಲಲಿಲ್ಲ. ನಮ್ಮೂರಲ್ಲಂತೂ ಸ್ಕೂಲು ಬಿಟ್ಟ ಮೇಲೆ ಬ್ಯಾಗ್ ಹೆಗಲಲ್ಲೇ ಇರುತ್ತದೆ, ಸೀದಾ ಲೈಬ್ರರಿಗೆ ಓಡುವ ಮಕ್ಕಳು ಈಗಲೂ ಇದ್ದಾರೆ.

ಜಾಗ ದೊಡ್ಡದೇನಲ್ಲ. ಒಂದು ಹಾಲು, ಗೋಡೆ ತುಂಬ ಮಕ್ಕಳೇ ಬರೆದ ಚಿತ್ರ, ಪೇಪರ್ ಓದೋಕೆ ಉದ್ದನೆಯ ಮೇಜು, ಕಂಪ್ಯೂಟರು, ಒಂದು ಟಿವಿ, ಚಿಕ್ಕವರಿಗೆ ಚಾಪೆ. ಚಪ್ಪಲಿ ಹೊರಗೆ ಬಿಡಬೇಕು. ಫ್ಯಾನ್ ಇದೆ. ಇಷ್ಟು ಸಾಕು ಜಾಗದ ಬಗ್ಗೆ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಗಟ್ಟಿ ಓದು. ಟಿವಿ ಕಂಪ್ಯೂಟರ್ ನೋಡಿ ಜನ ಖುಷಿ ಪಡುತ್ತಾರೆ, ಉದ್ಘಾಟನೆ ಫೋಟೋ ಕೂಡ ಅದರ ಮುಂದೆಯೇ ತೆಗೆಸಿಕೊಳ್ಳುತ್ತಾರೆ, ಆದರೆ ಅಲ್ಲಿನ ನಿಜವಾದ ಸೊಗಸು ಇರೋದು ಶನಿವಾರ ಮಧ್ಯಾಹ್ನದ ಈ ಗಟ್ಟಿ ಓದಿನಲ್ಲಿ. ಶನಿವಾರ ಬೆಳಗಿನ ಸ್ಕೂಲು ತಾನೇ, ಊಟ ಮುಗಿಸಿಕೊಂಡು ಮಕ್ಕಳು ಬಂದು ಚಾಪೆ ಮೇಲೆ ಸುತ್ತಲೂ ಕೂರುತ್ತಾರೆ. ಒಬ್ಬರು ಒಂದು ಪುಟ ಗಟ್ಟಿಯಾಗಿ ಓದಬೇಕು, ಆಮೇಲೆ ಪುಸ್ತಕ ಎತ್ತಿ ಹಿಡಿದು ಚಿತ್ರವನ್ನು ಎಲ್ಲರಿಗೂ ತೋರಿಸಬೇಕು, ಆಮೇಲೆ ಪಕ್ಕದವರಿಗೆ ದಾಟಿಸಬೇಕು. ನಡುವೆ ತಡವರಿಸಿದರೆ ಯಾರೂ ನಗುವ ಹಾಗಿಲ್ಲ. ತಿದ್ದುವ ಹಾಗೂ ಇಲ್ಲ. ಓದುತ್ತಿರುವ ಮಗುವೇ ತಲೆಯೆತ್ತಿ ನೋಡಿದರೆ ಮಾತ್ರ ಪಕ್ಕದಲ್ಲಿ ಕೂತವರು ಆ ಒಂದು ಪದ ಹೇಳಿಕೊಡಬಹುದು. ಇದು ಲೈಬ್ರರಿ ನೋಡಿಕೊಳ್ಳುವ ಮೇಲ್ವಿಚಾರಕಿಯವರು ಹಾಕಿದ ನಿಯಮ. ಕೇಳೋಕೆ ಸಣ್ಣದು, ಆದರೆ ಇದರಿಂದ ಆಗುವ ಉಪಕಾರ ನೋಡಬೇಕು. ಒತ್ತಕ್ಷರ ಬಂದರೆ ಗಂಟಲು ಕಟ್ಟುತ್ತಿದ್ದ ಮಕ್ಕಳು ಇಲ್ಲಿ ಬಾಯಿ ಬಿಡುತ್ತಾರೆ. ನನ್ನ ಮಗಳು ಐದನೇ ಕ್ಲಾಸು. ಸ್ಕೂಲಲ್ಲಿ ಎದ್ದು ನಿಂತು ಓದು ಅಂದರೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದವಳು ಈಗ ಮನೆಗೆ ಪುಸ್ತಕ ತಂದು ಅವಳ ಅಜ್ಜಿಗೆ ದನಿ ಏರಿಸಿ ಇಳಿಸಿ ಓದಿ ಹೇಳುತ್ತಾಳೆ. ಹುಲಿ ಬಂದರೆ ಹುಲಿ ದನಿ, ನರಿ ಬಂದರೆ ನರಿ ದನಿ.

ಕಥೆಯ ಅರ್ಧಕ್ಕೆ ನಿಲ್ಲಿಸಿ ಮುಂದೆ ಏನಾಗಬಹುದು ಹೇಳಿ ಅಂತ ಕೇಳುತ್ತಾರೆ. ಆಗ ನೋಡಬೇಕು ಗಲಾಟೆ. ಎಲ್ಲರಿಗೂ ಒಂದೊಂದು ಕಥೆ ಹೊಳೆಯುತ್ತದೆ. ಒಂದು ಹುಡುಗ ಕಾಡಿನಲ್ಲಿ ದಾರಿ ತಪ್ಪಿದ ಆನೆಮರಿಯನ್ನು ನೇರವಾಗಿ ನಮ್ಮೂರ ಕೆರೆ ಏರಿ ಮೇಲೆ ಕರೆದುಕೊಂಡು ಬಂದು, ಅಲ್ಲಿಂದ ಸ್ಕೂಲಿನ ಬಿಸಿಯೂಟಕ್ಕೆ ಕೂರಿಸಿಬಿಟ್ಟ. ಅದು ಎಷ್ಟು ಅನ್ನ ತಿನ್ನುತ್ತೆ, ಸಾಂಬಾರ್ ಕುಡಿಯುತ್ತೋ ಇಲ್ಲವೋ ಅನ್ನೋ ಚರ್ಚೆಯಲ್ಲಿ ಪುಸ್ತಕದ ಕಥೆ ಮುಗಿಸೋಕೆ ಅವತ್ತು ಹೊತ್ತೇ ಆಗಲಿಲ್ಲ. ಮೇಲ್ವಿಚಾರಕಿಯವರು ಅದಕ್ಕೆ ಅಡ್ಡ ಬರಲಿಲ್ಲ. ಅವನ ಕಥೆಯನ್ನೇ ಬೋರ್ಡಿನ ಮೇಲೆ ಬರೆಸಿದರು, ಆಮೇಲೆ ಎಲ್ಲರೂ ಅದನ್ನೇ ಓದಿದರು. ತಾನು ಹೇಳಿದ್ದು ಬೋರ್ಡಿನ ಮೇಲೆ ಕನ್ನಡದಲ್ಲಿ ಬಂತು ಅಂದಾಗ ಆ ಹುಡುಗನ ಮುಖ ಹೇಗಿತ್ತು ಅಂತೀರಿ!

ಇದೆಲ್ಲ ಮುಗಿದ ಮೇಲೆ ಪೇಪರ್ ಓದು. ಇದಕ್ಕೆ ಬರುವವರು ಊರಿನ ಹಿರಿಯರು. ಕೆಲವರಿಗೆ ಕಣ್ಣಿನ ಪೊರೆ, ಕೆಲವರು ಅಕ್ಷರವೇ ಕಲಿತವರಲ್ಲ. ಮಕ್ಕಳಲ್ಲಿ ಒಬ್ಬರು ಪೇಪರ್ ಹಿಡಿದು ಓದುತ್ತಾರೆ, ಇವರು ಕೇಳುತ್ತಾರೆ. ಮಳೆ ಸುದ್ದಿ, ಹೇಮಾವತಿ ನಾಲೆಗೆ ನೀರು ಬಿಟ್ಟರಾ ಅನ್ನೋ ಸುದ್ದಿ, ಆಮೇಲೆ ಧಾರಣೆ. ನಮ್ಮ ಕಡೆ ಕೊಬ್ಬರಿ ರೇಟು ಕೇಳದೆ ಯಾರೂ ಮೇಲೇಳುವುದಿಲ್ಲ. ‘ಲೇ ಮಗ, ಅದೆಲ್ಲ ಆಮೇಲ್ ಓದುವಂತೆ, ತಿಪಟೂರಾಗೆ ಕೊಬ್ಬರಿ ಎಷ್ಟಾಗೈತೆ ಮೊದ್ಲು ನೋಡು’ ಅಂತ ಒಬ್ಬ ತಾತ ಪ್ರತಿ ಸಲ ಅವಸರ ಮಾಡುತ್ತಾರೆ. ಒಂದು ಸಲ ಓದುತ್ತಿದ್ದ ಹುಡುಗಿ ಕ್ವಿಂಟಲ್ ಅಂದರೆ ಎಷ್ಟು ತಾತ ಅಂತ ಕೇಳಿಬಿಟ್ಟಳು. ನೂರು ಕೆಜಿ ಅಂತ ಹೇಳಿ ಸುಮ್ಮನಾಗಬಹುದಿತ್ತು. ತಾತ ಬಿಡಲಿಲ್ಲ. ಸಿಪ್ಪೆ ಸಮೇತ ಕಾಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾಯಬೇಕು, ಒಳಗಿನ ನೀರೆಲ್ಲ ಇಂಗಬೇಕು, ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಉಂಡೆ ಗಡಗಡ ಅನ್ನಬೇಕು, ಅವಸರ ಮಾಡಿ ಒಡೆದರೆ ಬೂಷ್ಟು ಹಿಡಿಯುತ್ತೆ, ಮಂಡಿಯಲ್ಲಿ ರೇಟು ಬೀಳುತ್ತೆ, ಇಷ್ಟೂ ಹೇಳಿದರು. ಮಕ್ಕಳು ಬಾಯಿ ಬಿಟ್ಟು ಕೇಳಿದವು. ಅವರ ಮನೆ ಅಟ್ಟದ ಮೇಲೂ ಕಾಯಿ ಇದೆ, ದಿನಾ ಅದರ ಕೆಳಗೇ ಮಲಗುತ್ತಾರೆ. ಆದರೆ ಹೀಗೆ ಕೂರಿಸಿಕೊಂಡು ಹೇಳೋಕೆ ಮನೆಯಲ್ಲಿ ಯಾರಿಗೂ ಪುರುಸೊತ್ತು ಸಿಕ್ಕಿರಲಿಲ್ಲ.

ನಾನು ಈ ಜಾಗಕ್ಕೆ ಇಷ್ಟು ಅಂಟಿಕೊಂಡಿರೋದು ಇದೇ ಕಾರಣಕ್ಕೆ. ದೊಡ್ಡ ಊರುಗಳಲ್ಲಿ ಮಕ್ಕಳಿಗೆ ಒಂದು ಕ್ಲಾಸು, ವಯಸ್ಸಾದವರಿಗೆ ಒಂದು ಪಾರ್ಕು, ಹುಡುಗರಿಗೆ ಒಂದು ಕೋಚಿಂಗ್ ಸೆಂಟರು ಅಂತ ಬೇರೆ ಬೇರೆ ಮಾಡಿ ಇಟ್ಟುಬಿಡುತ್ತಾರೆ. ಇಲ್ಲಿ ಇರೋದೇ ಒಂದು ಹಾಲು. ಅಲ್ಲೇ ಎಲ್ಲರೂ ಕೂರಬೇಕು. ಹಾಗೆ ಕೂತಾಗ ಆಗುವ ಮಾತುಕತೆ ಯಾವ ಟೈಂಟೇಬಲ್ಲಿನಲ್ಲೂ ಇರುವುದಿಲ್ಲ.

ಬೇಸಿಗೆ ಶಿಬಿರದ ಬಗ್ಗೆ ಹೇಳುತ್ತೇನೆ, ತುಂಬ ಜನ ಕೇಳೋದು ಅದನ್ನೇ. ಈಗ ಕೆಲವು ವರ್ಷದಿಂದ ರಜೆಯಲ್ಲಿ ಮಾಡುತ್ತಿದ್ದಾರೆ. ಕಾಗದ ಮಡಿಸಿ ಹಕ್ಕಿ ದೋಣಿ ಮಾಡೋದು, ಚಿತ್ರ, ಹಾಡು, ಸಣ್ಣ ಸಣ್ಣ ವಿಜ್ಞಾನದ ಪ್ರಯೋಗ, ಚೆಸ್ಸು, ಒಗಟು, ನಾಟಕ, ಹೀಗೆ. ಪೇಟೆಯಲ್ಲಿ ಇದೇ ಶಿಬಿರಕ್ಕೆ ಸಾವಿರಗಟ್ಟಲೆ ಕೀಳುತ್ತಾರೆ. ಇಲ್ಲಿ ಸಾಮಾನೂ ಅವರದೇ, ನಾವು ನೀರಿನ ಬಾಟಲಿ ಕೊಟ್ಟು ಕಳಿಸಿದರೆ ಸಾಕು. ಎಲ್ಲ ದಿನವೂ ಒಂದೇ ಥರ ಚೆನ್ನಾಗಿರುತ್ತೆ ಅಂತ ನಾನು ಹೇಳುವುದಿಲ್ಲ. ಒಬ್ಬರೇ ಭಾಷಣ ಹೊಡೆದು ಮಕ್ಕಳು ಆಕಳಿಸಿದ ದಿನವೂ ಇತ್ತು. ಆದರೆ ಹಳ್ಳಿ ಆಟದ ದಿನ ಇದೆಯಲ್ಲ, ಅದನ್ನು ಮಾತ್ರ ತಪ್ಪಿಸಬೇಡಿ.

ಅವತ್ತು ಆಟ ಕಲಿಸೋಕೆ ಬರೋದು ಊರಿನ ಅಜ್ಜಿಯರು. ಲೈಬ್ರರಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆಯ ಚೌಕಾಬಾರ ಬರೆದರು. ಕವಡೆ ಸಿಗಲಿಲ್ಲ ಅಂತ ಒಬ್ಬ ಅಜ್ಜಿ ಹುಣಸೆ ಬೀಜ ತಂದು, ಹೊರಗೆ ಕಲ್ಲಿನ ಮೇಲೆ ಒಂದು ಕಡೆ ಉಜ್ಜಿ ಉಜ್ಜಿ ಬಿಳಿ ಮಾಡಿ ನಾಲ್ಕು ದಾಳ ಮಾಡಿಕೊಟ್ಟರು. ಬಿಳಿ ಎಷ್ಟು ಮೇಲೆ ಬಿತ್ತೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಸಲ ಹಾಕುವ ಅವಕಾಶ. ಐದು ಬೇಕು ಅಂದರೆ ಏನು ಮಾಡೋದು ಅಂತ ಒಂದು ಮಗು ಕೇಳಿತು, ಐದು ಬೀಳೋದೇ ಇಲ್ಲವಲ್ಲ. ‘ಚೌಕ ಹಾಕು, ಮೇಲೊಂದು ಹಾಕು ಕಣವ್ವ, ಆಯ್ತಲ್ಲ ಐದು’ ಅಂದರು ಅಜ್ಜಿ. ಸರಿ, ಹನ್ನೊಂದಕ್ಕೆ? ಬಾರ ಹಾಕಿ ಮೂರು ಹಾಕಬೇಕು. ಹದಿಮೂರಕ್ಕೆ? ಬಾರ, ಚೌಕ, ಒಂದು. ಹೀಗೆ ಕೇಳುತ್ತಾ ಕೇಳುತ್ತಾ ಮಕ್ಕಳು ಬೆರಳು ಎಣಿಸೋದು ಬಿಟ್ಟು ಬಾಯಲ್ಲೇ ಲೆಕ್ಕ ಹಾಕೋಕೆ ಶುರು ಮಾಡಿದರು. ಎದುರಾಳಿಯ ಕಾಯಿ ಕಡಿಯೋಕೆ ಎಷ್ಟು ಮನೆ ಬೇಕು, ಕಟ್ಟೆಮನೆ ಸೇರಿದರೆ ಯಾಕೆ ಕಡಿಯೋಕೆ ಆಗಲ್ಲ, ಎಲ್ಲ ಜಗಳ ಆಡಿಕೊಂಡೇ ಕಲಿತರು. ಅಜ್ಜಿ ಒಂದು ದಿನಕ್ಕೆ ಅಂತ ಬಂದವರು ಶಿಬಿರ ಮುಗಿಯುವ ತನಕ ಬಂದರು. ‘ಮನ್ಯಾಗ್ ಕುಂತ್ರೆ ಟಿವಿ ನೋಡ್ಬೇಕು, ಇಲ್ಲಾದ್ರೆ ಹುಡ್ಗರ ಜೊತೆ ಹೊತ್ತೋಯ್ತದೆ’ ಅಂತ ನನ್ನ ಹತ್ತಿರವೇ ಹೇಳಿದರು.

ದೊಡ್ಡ ಹುಡುಗರ ವಿಷಯಕ್ಕೆ ಬಂದರೆ, ಅವರಿಗೆ ಬೇಕಾಗಿರೋದು ಮುಖ್ಯವಾಗಿ ಕೂರೋಕೆ ಒಂದು ಜಾಗ. ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಪೊಲೀಸ್ ಕಾನ್‌ಸ್ಟೆಬಲ್, ಎಫ್‌ಡಿಎ, ಎಸ್‌ಡಿಎ, ಯಾವ ಪರೀಕ್ಷೆ ಕರೆದರೂ ನಮ್ಮೂರಿಂದ ಅರ್ಜಿ ಹೋಗಿಯೇ ಹೋಗುತ್ತದೆ. ಕೋಚಿಂಗಿಗೆ ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ರೂಮು ಮಾಡಿ ಇರೋಕೆ ಎಲ್ಲರಿಗೂ ಆಗುತ್ತಾ? ಇಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಮಾಸಪತ್ರಿಕೆ ಬರುತ್ತದೆ, ಹಳೆ ಪ್ರಶ್ನೆಪತ್ರಿಕೆ ಫೈಲು ಮಾಡಿ ಇಟ್ಟಿದ್ದಾರೆ, ಕಂಪ್ಯೂಟರಲ್ಲಿ ಅರ್ಜಿ ತುಂಬಬಹುದು. ಭಾನುವಾರ ಅವರವರೇ ಕೂಡಿ ಒಂದು ಅಣಕು ಪರೀಕ್ಷೆ ಬರೆಯುತ್ತಾರೆ, ಆಮೇಲೆ ಉತ್ತರ ತಾಳೆ ನೋಡುತ್ತಾ ವಾದ ಮಾಡುತ್ತಾರೆ. ಅದೇ ಹುಡುಗರನ್ನು ಹಿಡಿದು ಮೇಲ್ವಿಚಾರಕಿಯವರು ಇನ್ನೊಂದು ಕೆಲಸ ಮಾಡಿಸುತ್ತಾರೆ. ಐದನೇ ಕ್ಲಾಸಿನವರಿಗೆ ನವೋದಯ, ಮೊರಾರ್ಜಿ ಪ್ರವೇಶ ಪರೀಕ್ಷೆಯ ಲೆಕ್ಕ ಹೇಳಿಕೊಡೋದು. ತಾವು ಓದಿದ್ದೂ ಗಟ್ಟಿಯಾಗುತ್ತೆ, ಚಿಕ್ಕವರಿಗೂ ಅನುಕೂಲ. ನನ್ನ ಮಗಳಿಗೆ ಭಿನ್ನರಾಶಿ ತಲೆಗೆ ಹತ್ತಿದ್ದು ಹೀಗೆ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದ ಒಬ್ಬ ಅಣ್ಣನಿಂದ. ಆ ಹುಡುಗನಿಗೆ ನಾನು ಎಷ್ಟು ಋಣಿ ಅಂತ ಅವನಿಗೆ ಗೊತ್ತಿಲ್ಲ.

ಮೊಬೈಲ್‌ನಲ್ಲಿ ಓದುವವರಿಗೆ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಅಂತ 2020ರಲ್ಲಿ ಶುರುವಾಗಿದ್ದು ಒಂದಿದೆ, ಅದೂ ಉಚಿತ. ಹೆಸರು ನೋಂದಾಯಿಸೋದು ಹೇಗೆ ಅಂತ ಇಲ್ಲೇ ತೋರಿಸಿಕೊಡುತ್ತಾರೆ.

ಹೆಂಗಸರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು. ಲೈಬ್ರರಿ ಅಂದರೆ ಗಂಡಸರು ಪೇಪರ್ ಓದುವ ಜಾಗ ಅಂತ ನಮ್ಮೂರಲ್ಲಿ ಎಷ್ಟೋ ಕಾಲ ಇತ್ತು. ಮದುವೆಯಾಗಿ ಬಂದ ಹೆಣ್ಣುಮಗಳು ಅಲ್ಲಿ ಹೋಗಿ ಕೂತರೆ ಏನಂದುಕೊಳ್ಳುತ್ತಾರೋ ಅನ್ನೋ ಅಳುಕು. ಅದು ಒಡೆದಿದ್ದು ಸ್ವಸಹಾಯ ಸಂಘದ ಮೀಟಿಂಗನ್ನು ಅಲ್ಲೇ ಮಾಡೋಕೆ ಶುರು ಮಾಡಿದ ಮೇಲೆ. ಮೀಟಿಂಗಿಗೆ ಅಂತ ಬಂದವರು ಕಾಲು ಗಂಟೆ ಹೆಚ್ಚಿಗೆ ಕೂತು ವಾರಪತ್ರಿಕೆ ತಿರುವಿಹಾಕುತ್ತಾರೆ, ಹೋಗುವಾಗ ಒಂದು ಪುಸ್ತಕ ಸೆರಗಿನಲ್ಲಿ ಇಟ್ಟುಕೊಂಡು ಹೋಗುತ್ತಾರೆ. ಮೀಟಿಂಗ್ ಮುಗಿದ ಮೇಲೆ ಫೋನ್ ಪಾಠ. ಕಾಲೇಜು ಹುಡುಗಿಯರು ಹೇಳಿಕೊಡುತ್ತಾರೆ. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಂತಾ ಅಂತ ಮೆಸೇಜ್ ನೋಡೋದು ಹೇಗೆ, ಒಟಿಪಿ ಯಾರಿಗೂ ಹೇಳಬಾರದು ಅಂದರೆ ಏನು, ದುಡ್ಡು ಬರೋಕೆ ಪಿನ್ ಒತ್ತು ಅಂತ ಯಾರಾದರೂ ಅಂದರೆ ಅದು ಮೋಸ ಅಂತ ತಿಳಿಯೋದು ಹೇಗೆ. ನಮ್ಮ ಅತ್ತೆ ಮೊದಲು ಮೆಸೇಜ್ ತೋರಿಸೋಕೆ ಕಂಡ ಕಂಡವರ ಕೈಗೆ ಫೋನ್ ಕೊಡುತ್ತಿದ್ದರು. ಈಗ ಕನ್ನಡಕ ಹಾಕಿಕೊಂಡು ತಾವೇ ನೋಡುತ್ತಾರೆ. ಯಾರೋ ಬ್ಯಾಂಕಿನವರು ಅಂತ ಫೋನ್ ಮಾಡಿ ನಂಬರ್ ಕೇಳಿದರೆ ‘ಬ್ಯಾಂಕಿಗೇ ಬತ್ತೀನಿ ಬಿಡಪ್ಪ’ ಅಂತ ಹೇಳಿ ಇಟ್ಟುಬಿಡುತ್ತಾರೆ. ಸುಮ್ನೆ ಮಾತಲ್ಲ ಇದು, ನಮ್ಮಂಥ ಮನೆಗಳಲ್ಲಿ ಒಂದು ಸಲ ಖಾತೆ ಖಾಲಿಯಾದರೆ ವರ್ಷದ ಲೆಕ್ಕವೇ ತಪ್ಪಿಹೋಗುತ್ತದೆ.

ಗೃಹಲಕ್ಷ್ಮಿ ಅಂದಾಗ ನೆನಪಾಯಿತು. ಬೆಳಗಾವಿ ಜಿಲ್ಲೆ ರಾಯಬಾಗ ತಾಲ್ಲೂಕಿನ ಮಂಟೂರಿನಲ್ಲಿ ಒಬ್ಬ ಹೆಣ್ಣುಮಗಳು ಆ ದುಡ್ಡನ್ನೇ ಕೂಡಿಟ್ಟು ಊರಿನ ಮಕ್ಕಳಿಗೆ ಗ್ರಂಥಾಲಯ ಕಟ್ಟಿಸಿದ್ದು ಪೇಪರಲ್ಲೆಲ್ಲ ಬಂದಿತ್ತು. ನಮ್ಮ ಸಂಘದ ಮೀಟಿಂಗಲ್ಲಿ ಅದನ್ನು ಓದಿ ಹೇಳಿದಾಗ ಹೆಂಗಸರೆಲ್ಲ ಒಂದು ಗಳಿಗೆ ಸುಮ್ಮನಾದರು. ಆಮೇಲೆ ಒಬ್ಬೊಬ್ಬರಾಗಿ ಕೈಲಾದಷ್ಟು ಹಾಕಿ ಮಕ್ಕಳಿಗೆ ಚಾಪೆ ಕೊಡಿಸಿದರು. ಈಗ ಹಾಲಿನಲ್ಲಿ ಹಾಸಿರೋದು ಅದೇ ಚಾಪೆ.

ವಿಶೇಷ ದಿನಗಳನ್ನೂ ಚೆನ್ನಾಗಿಯೇ ಮಾಡುತ್ತಾರೆ. ಆಗಸ್ಟ್ 12 ಗ್ರಂಥಪಾಲಕರ ದಿನ, ನಮ್ಮ ದೇಶದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ ಅವರು ಹುಟ್ಟಿದ ದಿನ. ಕೊನೆಯ ವರ್ಷಗಳನ್ನು ಅವರು ನಮ್ಮ ಬೆಂಗಳೂರಿನಲ್ಲೇ ಕಳೆದರು ಅಂತ ನನಗೆ ಗೊತ್ತಾಗಿದ್ದೂ ಇಲ್ಲಿ ಮಕ್ಕಳು ಬರೆದು ಅಂಟಿಸಿದ್ದ ಹಾಳೆಯಿಂದ. ಸೆಪ್ಟೆಂಬರ್ 15 ಪ್ರಜಾಪ್ರಭುತ್ವ ದಿನ, ಅವತ್ತು ಸಂವಿಧಾನದ ಪೀಠಿಕೆ ಓದು. 2023ರಲ್ಲಿ ರಾಜ್ಯದ ತುಂಬ ಒಟ್ಟಿಗೆ ಓದಿದ್ದರಲ್ಲ, ಆಗ ನಮ್ಮಲ್ಲೂ ಓದಿದರು. ‘ಭಾರತದ ಜನತೆಯಾದ ನಾವು’ ಅಂತ ಶುರುವಾಗುವಾಗ ಕೂಲಿಯಿಂದ ಸೀದಾ ಬಂದವರು, ಸ್ಕೂಲು ಮಕ್ಕಳು, ಪಂಚಾಯಿತಿ ಸದಸ್ಯರು ಎಲ್ಲ ಒಂದೇ ಸಾಲಲ್ಲಿ ನಿಂತು ಒಂದೇ ದನಿಯಲ್ಲಿ ಹೇಳೋದನ್ನ ಕೇಳಿದರೆ ಮೈ ಜುಮ್ ಅನ್ನುತ್ತದೆ. ನಮ್ಮೂರಲ್ಲಿ ಎಲ್ಲ ಕೇರಿಯವರೂ ಒಂದೇ ಚಾಪೆ ಮೇಲೆ ಕೂರುವ ಜಾಗಗಳು ತುಂಬ ಇಲ್ಲ. ಇದು ಅಂಥದ್ದೊಂದು. ಇದನ್ನು ಬರೆಯದೆ ಇದ್ದರೆ ಈ ಜಾಗದ ಬಗ್ಗೆ ಅರ್ಧ ಮಾತ್ರ ಬರೆದ ಹಾಗೆ. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ, ಆಗ ದಿನಕ್ಕೊಂದು ಕಾರ್ಯಕ್ರಮ.

ಈಗ ಕಡಿಮೆಯಾದ ಆ ಒಂದು ಸ್ಟಾರಿಗೆ ಬರುತ್ತೇನೆ.

ಮೊದಲನೆಯದು, ಇದೆಲ್ಲ ನಿಂತಿರೋದು ಒಬ್ಬರ ಮೇಲೆ. ಮೇಲ್ವಿಚಾರಕಿಯವರು ಒಬ್ಬರೇ ಬಾಗಿಲು ತೆಗೆಯಬೇಕು, ಕಸ ಹೊಡೆಯಬೇಕು, ಪುಸ್ತಕ ಬರೆದುಕೊಳ್ಳಬೇಕು, ಮಕ್ಕಳನ್ನೂ ನೋಡಬೇಕು, ಫೋಟೋ ತೆಗೆದು ವರದಿಯನ್ನೂ ಕಳಿಸಬೇಕು. ಸಾಲದ್ದಕ್ಕೆ ಪಂಚಾಯಿತಿ ಕೆಲಸ ಬಂದರೆ ಅದಕ್ಕೂ ಅವರೇ. ಯಾವುದೋ ಸಮೀಕ್ಷೆ ಅಂತ ಅವರು ಮನೆ ಮನೆ ತಿರುಗುತ್ತಿದ್ದಾಗ ಲೈಬ್ರರಿಗೆ ಬೀಗ ಬಿದ್ದಿತ್ತು. ಮಕ್ಕಳು ಬಂದು ಬೀಗ ನೋಡಿ ವಾಪಸ್ ಹೋಗೋದನ್ನ ನೋಡಿದರೆ ಹೊಟ್ಟೆ ಉರಿಯುತ್ತದೆ. ಎರಡು ಸಲ ಬೀಗ ನೋಡಿದ ಮಗು ಮೂರನೇ ಸಲ ಬರುವುದಿಲ್ಲ. ಅವರಿಗೆ ಕೊಡುವ ಗೌರವಧನಕ್ಕೂ ಅವರಿಂದ ತೆಗೆಯುವ ಕೆಲಸಕ್ಕೂ ತಾಳೆಯಿಲ್ಲ. ಒಬ್ಬ ಸಹಾಯಕರನ್ನಾದರೂ ಕೊಡಲೇಬೇಕು, ಇದನ್ನು ಗ್ರಾಮಸಭೆಯಲ್ಲಿ ನಾವು ಕೇಳಿದ್ದೇವೆ, ಮತ್ತೆ ಕೇಳುತ್ತೇವೆ.

ಎರಡನೆಯದು ಸಮಯ. ತೋಟದ ಕೆಲಸ, ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುವವರು ಊರಿಗೆ ಸೇರುವ ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಸಂಜೆ ಇನ್ನೊಂದು ಗಂಟೆ ತೆರೆದಿದ್ದರೆ ಅಪ್ಪಂದಿರೂ ಬರುತ್ತಾರೆ. ಈಗ ಅಪ್ಪಂದಿರು ಬರೋದು ಭಾನುವಾರ ಮಾತ್ರ.

ಪುಸ್ತಕ. ಇರುವ ಮಕ್ಕಳ ಪುಸ್ತಕಗಳನ್ನು ಮಕ್ಕಳು ಎಷ್ಟು ಓದಿದ್ದಾರೆ ಅಂದರೆ ಬೈಂಡಿಂಗ್ ಬಿಟ್ಟು ಹಾಳೆ ಹಾಳೆಯಾಗಿದೆ. ಹೊಸದು ಬರೋದು ನಿಧಾನ. ಬಂದಾಗಲೂ ಕಪಾಟಿನಲ್ಲಿ ದಪ್ಪ ದಪ್ಪ ಗ್ರಂಥಗಳೇ ಜಾಸ್ತಿ, ಹತ್ತು ವರ್ಷದ ಮಗು ಕೈ ಹಾಕುವಂಥದ್ದು ಕಮ್ಮಿ. ಪುಸ್ತಕ ಆರಿಸುವಾಗ ಮಕ್ಕಳನ್ನೇ ಒಂದು ಮಾತು ಕೇಳಬಹುದಲ್ವಾ? ಅವರಿಗೆ ಏನು ಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿದೆ. ಗೋಡೆ ಮೇಲೆ ಒಂದು ಹಾಳೆ ಅಂಟಿಸಿ ಬೇಕಾದ ಪುಸ್ತಕ ಬರೆಯಿರಿ ಅಂದರೆ ಒಂದೇ ವಾರದಲ್ಲಿ ತುಂಬಿಹೋಗುತ್ತದೆ.

ಶೌಚಾಲಯ ಇದೆ, ಆದರೆ ಬೀಗ. ಕೀ ಪಂಚಾಯಿತಿ ಆಫೀಸಲ್ಲಿ. ಹೆಣ್ಣುಮಕ್ಕಳು ಏಳನೇ ಎಂಟನೇ ಕ್ಲಾಸು ದಾಟಿದ ಮೇಲೆ ಬರೋದು ಕಡಿಮೆ ಮಾಡುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ, ಅವರಿಗೆ ಓದಿನಲ್ಲಿ ಆಸಕ್ತಿ ಇಲ್ಲ ಅಂದುಬಿಡುತ್ತಾರೆ. ಆಸಕ್ತಿ ಬೇಕಾದಷ್ಟಿದೆ. ಎರಡು ಗಂಟೆ ಕೂರಬೇಕಾದರೆ ಶೌಚಾಲಯ ಬೇಕು, ಕತ್ತಲಾಗುವ ಮುಂಚೆ ಮನೆ ಸೇರಬೇಕು, ದಾರಿಯಲ್ಲಿ ಲೈಟು ಬೇಕು. ಇಷ್ಟು ಸರಿ ಮಾಡಿ, ಆಮೇಲೆ ನೋಡಿ ಎಷ್ಟು ಹುಡುಗಿಯರು ಬರುತ್ತಾರೆ ಅಂತ. ಬಾಗಿಲಿಗೆ ರ‍್ಯಾಂಪ್ ಮಾಡಿದ್ದಾರೆ, ಸಂತೋಷ, ಆದರೆ ಅದು ತೀರಾ ಕಡಿದು. ಗಾಲಿಕುರ್ಚಿ ಒಬ್ಬರೇ ತಳ್ಳಿಕೊಂಡು ಹತ್ತೋಕಾಗಲ್ಲ.

ಇಂಟರ್‌ನೆಟ್ ಒಂದೊಂದು ದಿನ ಇರುತ್ತೆ, ಒಂದೊಂದು ದಿನ ಇಲ್ಲ. ಅರ್ಜಿ ಹಾಕೋಕೆ ಕೊನೆ ದಿನದವರೆಗೂ ಕಾಯಬೇಡಿ.

ಇಷ್ಟು ಕೊರತೆ ಇದ್ದರೂ ನಾಲ್ಕು ಸ್ಟಾರ್ ಯಾಕೆ ಅಂದರೆ, ಮಕ್ಕಳು ನಾಳೆಯೂ ಬರಬೇಕು ಅನ್ನೋ ಹಾಗೆ ಅಲ್ಲಿ ನಡೆಸಿಕೊಳ್ಳುತ್ತಾರೆ. ಮಕ್ಕಳೆಲ್ಲ ಮೇಲ್ವಿಚಾರಕಿಯವರನ್ನು ಲೈಬ್ರರಿ ಅಕ್ಕ ಅಂತಲೇ ಕರೆಯೋದು. ಪುಸ್ತಕ ಹರಿದು ತಂದ ಮಗುವಿಗೆ ಅವರು ಬೈದಿದ್ದನ್ನು ನಾನು ನೋಡಿಲ್ಲ. ಗೋಂದು, ಕಾಗದ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡು ಅಂಟಿಸುತ್ತಾರೆ. ಅಂಟಿಸುತ್ತಾ ಅಂಟಿಸುತ್ತಾ ಆ ಪುಟದಲ್ಲಿ ಏನಿತ್ತು ಅಂತ ಕೇಳುತ್ತಾರೆ. ಮಗು ಹೇಳುತ್ತೆ. ಹರಿದಿದ್ದು ಸರಿಹೋಗುತ್ತೆ, ಕಥೆಯೂ ಒಂದು ಸಲ ಹೇಳಿದ ಹಾಗಾಗುತ್ತೆ.

ಹೋಗುವವರಿಗೆ ಕೆಲವು ಮಾತು. ಕೂತು ಓದೋಕೆ, ಕಾರ್ಯಕ್ರಮಕ್ಕೆ ಬರೋಕೆ ಯಾವ ಕಾರ್ಡೂ ಬೇಡ. ಪುಸ್ತಕ ಮನೆಗೆ ತಗೊಂಡು ಹೋಗಬೇಕಾದರೆ ಮಾತ್ರ ಸದಸ್ಯತ್ವ. ಮಕ್ಕಳದ್ದಾದರೆ ಫಾರಂ ಮೇಲೆ ಅಪ್ಪನೋ ಅಮ್ಮನೋ ಸಹಿ ಮಾಡಿದರೆ ಅವತ್ತೇ ಪುಸ್ತಕ ಕೊಡುತ್ತಾರೆ. ನಮ್ಮಲ್ಲಿ ಸೋಮವಾರ ರಜೆ. ಚಿಕ್ಕ ಮಕ್ಕಳಿದ್ದರೆ ಶನಿವಾರ ಮಧ್ಯಾಹ್ನ ಕರೆದುಕೊಂಡು ಹೋಗಿ, ಬಿಟ್ಟು ಬರಬೇಡಿ, ಒಂದು ದಿನವಾದರೂ ಜೊತೆಯಲ್ಲಿ ಕೂತು ಕೇಳಿ. ಮನೆಯಲ್ಲಿ ಅತ್ತೆ ಮಾವ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಮೆಟ್ಟಿಲ ಹತ್ತಿರ ಕೈ ಹಿಡಿದುಕೊಳ್ಳಿ. ಮಕ್ಕಳು ಓದಿ ಮುಗಿಸಿದ ಕಥೆ ಪುಸ್ತಕ ಮನೆಯಲ್ಲಿ ಸುಮ್ನೆ ಬಿದ್ದಿದ್ದರೆ ತಂದುಕೊಡಿ, ತಗೊಳ್ಳುತ್ತಾರೆ, ಹಳೆ ಪಠ್ಯಪುಸ್ತಕ ಮಾತ್ರ ಬೇಡ. ನಿಮ್ಮ ಅಜ್ಜಿಗೆ ಅಳಿಗುಳಿಮಣೆ ಆಡೋಕೆ ಬಂದರೆ ಈಗಲೇ ಹೆಸರು ಕೊಟ್ಟಿಡಿ. ಬರುವ ಬೇಸಿಗೆ ಶಿಬಿರಕ್ಕೆ ಮಣೆ ಸಿಕ್ಕಿದೆ, ಹೇಳಿಕೊಡುವವರನ್ನು ಹುಡುಕುತ್ತಿದ್ದಾರೆ.